ಹಿಮ ಬೀಳುವ ತನಕ ಕಪಾಟಿಗೆ ಬೀಗ

ಲಂಡನ್ನಿನ ಹ್ಯಾರೋದಲ್ಲಿರುವ ನಮ್ಮ ಮನೆಗೆ ಬಂದವರು ಮೊದಲು ಕೇಳುವುದು ವೈಫೈ ಪಾಸ್‌ವರ್ಡ್. ಚಹಾ ಕೈಗೆ ಬಂದ ಮೇಲೆ ಹಿಂದಿನ ಕೋಣೆಯ ಗಾಜಿನ ಕಪಾಟಿನ ಕಡೆ ನೋಡಿ, ಅವೆಲ್ಲ ಮೆಡಿಕಲ್ ಪುಸ್ತಕಗಳೇ ಎಂದು ಕೇಳುತ್ತಾರೆ. ಅಲ್ಲ ಎನ್ನುತ್ತೇನೆ. ಕೆನಡಾ ಮತ್ತು ಅಮೆರಿಕದ ದೊಡ್ಡ ಸರೋವರಗಳ ಸುತ್ತಮುತ್ತ ಇರುವ ಒಜಿಬ್ವೆ ಮತ್ತು ಅಲ್ಗಾಂಕ್ವಿನ್ ಜನರ ಜನಪದ ಕಥೆಗಳು, ಚಿತ್ರಗಳಿರುವ ಹಳೆಯ ಮುದ್ರಣಗಳು, ಈಗ ಎಲ್ಲೂ ಸಿಗುವುದಿಲ್ಲ ಎಂದು ಶುರುಮಾಡುತ್ತೇನೆ. ಬಂದವರು ನನ್ನ ಹೆಂಡತಿಯ ಮುಖ ನೋಡುತ್ತಾರೆ. ಆಕೆ ಇನ್ನೊಂದು ಚಕ್ಕುಲಿ ತಗೊಳ್ಳಿ ಎನ್ನುತ್ತಾಳೆ. ವಿಷಯ ಅಲ್ಲಿಗೆ ಮುಗಿಯುತ್ತದೆ.

ಧಾರವಾಡದಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಓದಿ, ಲಂಡನ್ನಿನ ಸರಕಾರಿ ಆಸ್ಪತ್ರೆಗಳಲ್ಲಿ ಜನರಿಗೆ ಅರಿವಳಿಕೆ ಕೊಟ್ಟು ನಿವೃತ್ತನಾದವನು ನಾನು. ಜನರನ್ನು ಮಲಗಿಸುವುದೇ ನನ್ನ ಕಸುಬಾಗಿತ್ತು. ಈಗ ಸೂಜಿ ಇಲ್ಲದೆ, ಬರೀ ಪುಸ್ತಕಗಳ ಬಗ್ಗೆ ಮಾತನಾಡಿಯೇ ಆ ಕೆಲಸ ಮಾಡುತ್ತಾರೆ ಎಂದು ಹೆಂಡತಿ ನಮ್ಮ ಕನ್ನಡದ ಗೆಳೆಯರ ಮುಂದೆ ಹೇಳುತ್ತಾಳೆ. ಆಕೆ ಮೈಸೂರಿನವಳು. ಚುಚ್ಚುವುದನ್ನೂ ಮೆತ್ತಗೆ ಚುಚ್ಚುತ್ತಾಳೆ.

ಈ ಹುಚ್ಚು ಹಿಡಿದದ್ದು ಪಕ್ಕದ ಪಿನ್ನರ್‌ನಲ್ಲಿ. ಹೆಂಡತಿ ಅಲ್ಲಿನ ದವಾಖಾನೆಯಲ್ಲಿ ಜಿಪಿ, ಅಂದರೆ ಎಲ್ಲ ಕಾಯಿಲೆಗೂ ಮೊದಲು ನೋಡುವ ಡಾಕ್ಟರು. ಒಂದು ಸಂಜೆ ಆಕೆಯನ್ನು ಕರೆದುಕೊಂಡು ಬರಲು ಹೋದಾಗ ಪೇಷಂಟುಗಳು ಇನ್ನೂ ಬಾಕಿ ಇದ್ದರು, ಮಳೆ ಬರುತ್ತಿತ್ತು, ದಾನಕ್ಕೆ ಬಂದ ಹಳೆಯ ಸಾಮಾನು ಮಾರುವ ಎದುರಿಗಿನ ಚಾರಿಟಿ ಅಂಗಡಿಗೆ ನುಗ್ಗಿದೆ. ಹಳೆಯ ಸ್ವೆಟರುಗಳ ಪಕ್ಕದಲ್ಲಿ ಪುಸ್ತಕಗಳ ಡಬ್ಬಿ ಇತ್ತು. ಅದರೊಳಗಿನ ಒಂದು ಪುಸ್ತಕದ ಮೊದಲ ಪುಟದಲ್ಲಿ, ಮರದ ತೊಗಟೆಯಿಂದ ಮಾಡಿದ ಗುಡಿಸಲಿನೊಳಗೆ ಒಬ್ಬ ಮುದುಕಿ ಬೆಂಕಿಯ ಮುಂದೆ ಕೂತು ಕಥೆ ಹೇಳುತ್ತಿದ್ದಳು. ಸುತ್ತಲೂ ಮಕ್ಕಳು. ಒಂದು ಮಗು ಬಾಯಿ ತೆರೆದು ಮಲಗಿಬಿಟ್ಟಿತ್ತು. ವೃತ್ತಿಯ ಕಣ್ಣಿನಿಂದ ನೋಡಿದೆ, ನಿದ್ದೆ ಚೆನ್ನಾಗಿ ಹತ್ತಿದೆ, ಉಸಿರಾಟ ಸರಾಗವಾಗಿದೆ ಅನ್ನಿಸಿತು. ಕೊಂಡುಕೊಂಡೆ.

ಒಂದು ಬಂದ ಮೇಲೆ ಅದರ ಅಣ್ಣತಮ್ಮಂದಿರು ಬರಲೇಬೇಕಲ್ಲ. ಕಾರಿನ ಡಿಕ್ಕಿಯಲ್ಲೇ ಹಳೆಯ ಸಾಮಾನು ಹರವಿ ಮಾರುವ ಭಾನುವಾರದ ಕಾರ್ ಬೂಟ್ ಸೇಲುಗಳು, ಚರ್ಚಿನ ಸಭಾಂಗಣಗಳಲ್ಲಿ ನಡೆಯುವ ಪುಸ್ತಕ ಮೇಳಗಳು, ತೀರಿಹೋದ ಮೇಷ್ಟ್ರುಗಳ ಮನೆ ಖಾಲಿಮಾಡುವ ಹರಾಜುಗಳು. ಅಲ್ಲೆಲ್ಲ ನನ್ನಂಥ ನಾಲ್ಕಾರು ಗಂಡಸರು, ಎಲ್ಲರೂ ಮೊಣಕೈ ಸವೆದ ಕೋಟಿನವರು, ಒಬ್ಬರನ್ನೊಬ್ಬರು ಅನುಮಾನದಿಂದ ನೋಡುತ್ತ ಸುಳಿದಾಡುತ್ತಿದ್ದರು. ನಾವು ಸೇರಿದರೆ ಮಾತೆಲ್ಲ ರಟ್ಟು, ಹೊಲಿಗೆ ಮತ್ತು ಬಣ್ಣದ ಚಿತ್ರಗಳ ಮೇಲೆ ಹೊದಿಸುವ ತೆಳುಕಾಗದದ ಬಗ್ಗೆ. ಕಥೆಯ ಮಾತು ಯಾರೂ ಎತ್ತುತ್ತಿರಲಿಲ್ಲ. ಓದಿದರೆ ಪುಸ್ತಕದ ಬೆನ್ನು ಮುರಿಯುತ್ತದೆ ಎಂದು ನಮ್ಮಲ್ಲಿ ಹಿರಿಯರೊಬ್ಬರು ನನಗೆ ಗಂಭೀರವಾಗಿಯೇ ಬುದ್ಧಿ ಹೇಳಿದ್ದರು. ನಾನು ಅದನ್ನು ಪಾಲಿಸಿದೆ.

ಚಿತ್ರಗಳ ಬಗ್ಗೆ ಹೇಳಬೇಕು. ಅವನ್ನು ಬರೆದವರಲ್ಲಿ ಹೆಚ್ಚಿನವರು ಆ ಸರೋವರಗಳನ್ನು ಕಂಡವರಲ್ಲ ಎಂಬುದು ನೋಡಿದರೇ ತಿಳಿಯುತ್ತದೆ. ಒಜಿಬ್ವೆ ಹುಡುಗಿಯರಿಗೆಲ್ಲ ಇಂಗ್ಲೆಂಡಿನ ಕೆಂಟ್ ಕಡೆಯ ಪಾದ್ರಿಯ ಮಗಳ ಮೂಗು. ದೋಣಿಗಳು ಥೇಮ್ಸ್ ನದಿಯವು. ಒಂದು ಕರಡಿಯಂತೂ ನಮ್ಮ ಆಸ್ಪತ್ರೆಯಲ್ಲಿದ್ದ ಒಬ್ಬ ಸೀನಿಯರ್ ಸರ್ಜನ್ ಥರವೇ ಇದೆ. ನಗುತ್ತೇನೆ, ಆದರೆ ನಗಲು ನನಗೇನು ಹಕ್ಕಿದೆ? ನಾನೂ ಆ ಸರೋವರಗಳನ್ನು ನೋಡಿಲ್ಲ. ಆ ಜನರಲ್ಲಿ ಒಬ್ಬರನ್ನೂ ಭೇಟಿಯಾಗಿಲ್ಲ. ಅವರ ಕಥೆಗಳಿಗೆ ಹ್ಯಾರೋದಲ್ಲಿ ಬೀಗ ಹಾಕಿ ಇಟ್ಟುಕೊಂಡು, ಶನಿವಾರಕ್ಕೊಮ್ಮೆ ಗಾಜು ಒರೆಸುತ್ತಿದ್ದೆ.

ಈ ಸಂಗ್ರಹದ ಕಿರೀಟ ಒಂದು ಹಸಿರು ಪುಸ್ತಕ. ಬಟ್ಟೆಯ ರಟ್ಟು, ಅದರ ಮೇಲೆ ಬಂಗಾರದ ಅಚ್ಚಿನ ದೋಣಿ, ಒಳಗೆ ಬಣ್ಣದ ಚಿತ್ರಗಳು. ನಮ್ಮ ಮಂದಿಯಲ್ಲಿ ಪುಸ್ತಕಕ್ಕೆ ಸಲ್ಲುವ ಅತಿ ದೊಡ್ಡ ಹೊಗಳಿಕೆ 'ಕಂಪ್ಲೀಟ್' ಎನ್ನುವುದು. ಒಂದು ಹಾಳೆ ಹೋಗಿದ್ದರೂ ಅದು ರದ್ದಿ. ಹಸಿರು ಪುಸ್ತಕ ಕಂಪ್ಲೀಟ್ ಆಗಿತ್ತು. ಇಂಗ್ಲೆಂಡಿನಲ್ಲಿ ಇಷ್ಟು ಪೂರ್ತಿಯಾದ ಪ್ರತಿ ಇನ್ನೊಂದಿಲ್ಲ ಎಂದು ನಾನು ಸಿಕ್ಕವರ ಮುಂದೆಲ್ಲ ಜಂಬ ಕೊಚ್ಚಿಕೊಂಡಿದ್ದೇನೆ. ಕೇಳಿಸಿಕೊಂಡವರಲ್ಲಿ ನಮ್ಮ ಮನೆಯ ಬಾಯ್ಲರ್ ರಿಪೇರಿಗೆ ಬಂದವನೂ ಇದ್ದ.

ಅಪ್ಪ ಹೋದ ಮೇಲೆ ಅವ್ವ ನಮ್ಮ ಜೊತೆಗೇ ಇದ್ದಾಳೆ. ಅವಳಿಗೆ ಹ್ಯಾರೋದಲ್ಲಿ ಬೇಕಾದದ್ದೆಲ್ಲ ಸಿಗುತ್ತದೆ, ಜೋಳದ ಹಿಟ್ಟು, ಹೂಬತ್ತಿಯ ಹತ್ತಿ, ಗುಡಿ, ಮಾತಿಗೆ ಬೆಳಗಾವಿ ಕಡೆಯ ಇಬ್ಬರು ಗೆಳತಿಯರು. ಸೀರೆಯ ಮೇಲೆ ಸ್ವೆಟರು, ಕಾಲಿಗೆ ಸಾಕ್ಸು, ಅದರ ಮೇಲೆ ಚಪ್ಪಲಿ ಹಾಕಿಕೊಂಡು ಬಸ್ಸಿನಲ್ಲಿ ಓಡಾಡುತ್ತಾಳೆ. ಆದರೆ ಅವಳ ವಾರ ನಡೆಯುತ್ತಿದ್ದದ್ದು ಶನಿವಾರಕ್ಕಾಗಿ. ಅಂದು ಲಂಡನ್ನಿನ ದಕ್ಷಿಣದ ಟೂಟಿಂಗ್‌ನಲ್ಲಿರುವ ನನ್ನ ಮಗಳು ತನ್ನ ಮಗಳನ್ನು ನಮ್ಮಲ್ಲಿ ಬಿಟ್ಟು ಆಸ್ಪತ್ರೆಯ ಡ್ಯೂಟಿಗೆ ಹೋಗುತ್ತಿದ್ದಳು.

ಮೊಮ್ಮಗಳು ನನಗೆ ಅಜ್ಜ ಎನ್ನುತ್ತಾಳೆ, ಅವ್ವನಿಗೆ ದೊಡ್ಡಜ್ಜಿ. ದೊಡ್ಡಜ್ಜಿ ಅಪ್ಪಟ ಧಾರವಾಡದ ಮಾತಿನಲ್ಲಿ ಕಥೆ ಹೇಳುತ್ತಾಳೆ, ಮಗು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತದೆ, ಒಬ್ಬರಿಗೂ ಅನುವಾದ ಬೇಕಾಗುವುದಿಲ್ಲ. ಒಂದು ನಿಯಮ ಮಾತ್ರ ಇತ್ತು. ಕೇಳುವವರು ನಡುನಡುವೆ 'ಹೂಂ' ಅನ್ನಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತದೆ. ಮೊಮ್ಮಗಳ ಬಾಯಿಂದ ಸ್ಪಷ್ಟವಾಗಿ ಬರುತ್ತಿದ್ದ ಕನ್ನಡವೆಂದರೆ ಅದೊಂದೇ, ಮತ್ತು ಅದನ್ನು ಅವಳು ನಮ್ಮ ಧಾರವಾಡ ಕಡೆಯ ಗರಗದ ಗೌಡರ ಹಾಗೆ ಗತ್ತಿನಿಂದ ಹೇಳುತ್ತಿದ್ದಳು.

ದಸರೆ ಮುಗಿದ ಹೊಸತರಲ್ಲಿ ಮಗಳು ಸುದ್ದಿ ತಂದಳು. ಅವಳಿಗೂ ಅಳಿಯನಿಗೂ ಕೆನಡಾದಲ್ಲಿ ಕೆಲಸ ಸಿಕ್ಕಿತ್ತು, ಫೆಬ್ರುವರಿಯಲ್ಲಿ ಹೊರಡುವುದು. ಯಾವ ಊರು ಎಂದೆ. ಸುಪೀರಿಯರ್ ಸರೋವರದ ದಡದ ಊರು ಎಂದಳು. ನನಗೆ ರೋಮಾಂಚನವಾಯಿತು. ಒಜಿಬ್ವೆ ಜನರ ನಾಡು ಅದು, ನನ್ನ ಕಪಾಟಿನ ತವರುಮನೆ. ಹಸಿರು ಪುಸ್ತಕ ನಿನಗೇ, ತೆಗೆದುಕೊಂಡು ಹೋಗು ಎಂದುಬಿಟ್ಟೆ. ಕೈಬಿಟ್ಟು ಕೊಡುವುದು ನನ್ನ ಸ್ವಭಾವವಲ್ಲ, ಬಾಯಿಂದ ಬಂದ ಮೇಲೆ ನಾನೇ ಬೆಚ್ಚಿದೆ.

"ಅಪ್ಪ, ಪ್ಲೀಸ್," ಎಂದಳು ಮಗಳು. "ಅವರ ಕಥೆನ ಹ್ಯಾರೋದಿಂದ ಪ್ಯಾಕ್ ಮಾಡ್ಕೊಂಡು ಅವರ ಊರಿಗೇ ತಗೊಂಡು ಹೋಗ್ಲಾ? ಬ್ಯಾಗೇಜಲ್ಲಿ ಆಗ್ಲೇ ಕುಕ್ಕರ್ ಇದೆ."

ಅವ್ವ ಹೂಬತ್ತಿ ಹೊಸೆಯುತ್ತ ಕೂತಿದ್ದಳು, ಹೊಸೆಯುತ್ತಲೇ ಇದ್ದಳು. ಆಮೇಲೆ ಒಂದು ಮಾತು ಕೇಳಿದಳು, ಅಲ್ಲಿಂದ ಫೋನಿನಾಗ ಮುಖ ಕಾಣ್ತದೇನು ಎಂದು. ಕಾಣುತ್ತದೆ ಎಂದೆ. "ಸಿಡ್ನಿದೂ ಕಾಣ್ತದ," ಎಂದಳು. ಸಿಡ್ನಿಯಲ್ಲಿ ನನ್ನ ಅಣ್ಣನ ಮೊಮ್ಮಕ್ಕಳಿದ್ದಾರೆ. ಚಿಕ್ಕವರಿದ್ದಾಗ ಅವರೂ ಇವಳ ತೊಡೆ ಬಿಟ್ಟು ಇಳಿದವರಲ್ಲ. ಈಗ ಭಾನುವಾರದ ವಿಡಿಯೋ ಕಾಲಿನಲ್ಲಿ ಹಾಯ್ ದೊಡ್ಡಜ್ಜಿ ಎಂದು ಫೋನನ್ನು ಸೋಫಾದ ಮೇಲೆ ಒಗೆದು ಓಡುತ್ತಾರೆ. ಅಣ್ಣ ಬಂದು ಎತ್ತುವವರೆಗೆ ಪರದೆಯ ಮೇಲೆ ಅವರ ಮನೆಯ ಮಾಳಿಗೆ, ತಲೆಯ ಮೇಲಿನ ಛಾವಣಿ, ಮಾತ್ರ ಕಾಣುತ್ತದೆ. ಆ ಮಾಳಿಗೆಯಲ್ಲಿ ಎಲ್ಲಿ ಬಿರುಕಿದೆ, ಎಲ್ಲಿ ದೀಪವಿದೆ ಎಂಬುದೆಲ್ಲ ಅವ್ವನಿಗೆ ಗೊತ್ತು.

ಪುಸ್ತಕ ಹೋಗದಿದ್ದರೆ ಕಥೆಯಾದರೂ ಹೋಗಲಿ ಎಂದು ನಾನು ತೀರ್ಮಾನಿಸಿದೆ. ಹೊರಡುವ ಮೊದಲು ಮೊಮ್ಮಗಳಿಗೆ ಹಸಿರು ಪುಸ್ತಕದ ಒಂದು ಕಥೆಯನ್ನಾದರೂ ಹೇಳಬೇಕು. ದೀಪಾವಳಿ ಕಳೆದ ಶನಿವಾರ ಕಪಾಟು ತೆಗೆದೆ. ಗಾಜಿನ ಬಾಗಿಲು ಕಿರುಗುಟ್ಟಿತು, ಅಷ್ಟು ಅಪರೂಪ. ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು ಮೊದಲ ಬಣ್ಣದ ಚಿತ್ರದ ಮೇಲಿನ ತೆಳುಕಾಗದ ಸರಿಸಿದೆ. ಎಲ್ಲಿ ನೋಡಿದರೂ ನೀರು. ಒಂದು ಮರದ ದಿಮ್ಮಿಯ ಮೇಲೆ ಪ್ರಾಣಿಗಳು ಒತ್ತಿಕೊಂಡು ಕೂತಿದ್ದವು. ಒಂದು ಪುಟ್ಟ ಪ್ರಾಣಿ ಮಾತ್ರ ನೀರಿಗೆ ಮುಳುಗುತ್ತಿತ್ತು, ಬಾಲವಷ್ಟೇ ಹೊರಗಿತ್ತು.

"ಇಲಿ ಇದ್ದಂಗ ಅದಲಾ," ಎಂದಳು ಅವ್ವ, ಆಚೆಯ ಕುರ್ಚಿಯಿಂದ ಬಗ್ಗಿ ನೋಡಿ.

"ನೀರಿಲಿ," ಎಂದೆ. ಓದತೊಡಗಿದೆ. ಒಂದಾನೊಂದು ಕಾಲದಲ್ಲಿ ಜಗತ್ತೆಲ್ಲ ನೀರಾಗಿತ್ತು ಎಂಬಲ್ಲಿಗೆ ಒಂದು ವಾಕ್ಯ ಮುಗಿಯಿತು. ಮೊಮ್ಮಗಳು ಹೂಂ ಎಂದಳು.

ಅಲ್ಲಿಗೆ ಸುಮ್ಮನೆ ಮುಂದುವರಿಯಬೇಕಿತ್ತು. ಆದರೆ ಸಂಗ್ರಹಕಾರನಿಗೆ ಕಥೆಗಿಂತ ಪೀಠಿಕೆ ಹೆಚ್ಚು ಇಷ್ಟ. ಈ ಕಥೆ ಎಷ್ಟು ಅಪರೂಪದ್ದು ಗೊತ್ತೇನು ಎಂದು ಹಿಂದಿನ ಪುಟಗಳಿಗೆ ಹೋದೆ. ಅದನ್ನು ಬರೆದುಕೊಂಡ ಇಂಗ್ಲಿಷ್ ಮಹಾಶಯ ಅಲ್ಲಿ ತನ್ನ ಜಾಣತನವನ್ನು ವಿವರಿಸಿದ್ದಾನೆ. ಈ ಕಥೆಗಳನ್ನು ಆ ಜನ ನೆಲದ ಮೇಲೆ ಹಿಮ ಇದ್ದಾಗ ಮಾತ್ರ ಹೇಳುತ್ತಾರಂತೆ. ಬೇಸಿಗೆಯಲ್ಲಿ ಎಷ್ಟು ಕೇಳಿದರೂ ಒಲ್ಲೆ ಎನ್ನುತ್ತಾರಂತೆ. ಇವನು ಹೋದದ್ದು ಬೇಸಿಗೆಯಲ್ಲಿ. ಒಬ್ಬ ಮುದುಕಿಗೆ ಹೊಗೆಸೊಪ್ಪು, ಕಂಬಳಿ ಕೊಟ್ಟು, ಒಲಿಸಿ, ಹೇಗೋ ಬಾಯಿ ಬಿಡಿಸಿದ. ಇದನ್ನು ನಾನು ರಸವತ್ತಾಗಿ ಕನ್ನಡಕ್ಕೆ ತಿರುಗಿಸಿ ಅವ್ವನಿಗೂ ಹೇಳಿದೆ.

ಅವ್ವ ನಗಲಿಲ್ಲ. "ಪಾಪ, ಆ ಮುದುಕಿ ಮನ್ಯಾಗ ಏನ ಅಡಚಣಿ ಇತ್ತೋ," ಎಂದಳು. "ಇಲ್ಲಾಂದ್ರ ಹೇಳ್ತಿದ್ದಿಲ್ಲ." ಆಮೇಲೆ ಕಿಟಕಿಯ ಕಡೆ ನೋಡಿದಳು. "ಈಗ ಹೊರಗ ಹಿಮ ಅದ ಏನು?"

"ಇಲ್ಲವ್ವ."

"ಮತ್ತ ಮುಚ್ಚು."

ಚೇಷ್ಟೆ ಮಾಡುತ್ತಿದ್ದಾಳೆ ಎಂದುಕೊಂಡೆ. ಚೇಷ್ಟೆಯಲ್ಲ. "ಸಂಪತ್ ಶುಕ್ರವಾರದ ಕಥಿ ನಾ ಎಂದರ ಮಾಘದಾಗ ಹೇಳೇನೇನು? ಶ್ರಾವಣ ಬರಬೇಕು, ಶುಕ್ರವಾರ ಆಗಬೇಕು, ಕೈಯಾಗ ಅಕ್ಷತಿ ಹಿಡಕೊಂಡು ಕೂಡಬೇಕು. ಕಥಿಗೆ ಹೊತ್ತು ಅಂತ ಒಂದು ಇರ್ತದ."

"ಅದು ಅವರ ಶಾಸ್ತ್ರ. ನಮಗೇನು?"

"ಅವರ ಕಥಿ ಬೇಕು, ಅವರ ಶಾಸ್ತ್ರ ಬ್ಯಾಡೇನು?"

ಅವ್ವ ಎದ್ದು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಕಪಾಟಿನೊಳಗೆ ಇಟ್ಟು ಬೀಗ ಹಾಕಿದಳು. ಕೀಲಿಕೈಯನ್ನು ದೇವರ ಕಪಾಟಿನಲ್ಲಿ ಬೆಳ್ಳಿಯ ಲಕ್ಷ್ಮಿಯ ಕೆಳಗೆ ಇಟ್ಟಳು. ನಮ್ಮ ದೇವರ ಕಪಾಟು ಅಡುಗೆಮನೆಯಲ್ಲಿ ಬಾಯ್ಲರಿನ ಪಕ್ಕಕ್ಕಿದೆ. ಸ್ನಾನ ಮಾಡದೆ ಅದನ್ನು ಮುಟ್ಟುವ ಹಾಗಿಲ್ಲ, ಮುಟ್ಟುವವರೂ ಅವ್ವ ಒಬ್ಬಳೇ. ಯಾವ ಬ್ಯಾಂಕಿನ ಲಾಕರೂ ಅಷ್ಟು ಭದ್ರವಲ್ಲ. ಮೊಮ್ಮಗಳು, "ದಟ್ಸ್ ನಾಟ್ ಫೇರ್, ಅಜ್ಜ. ಡಿಡ್ ದ ಲಿಟಲ್ ಒನ್ ಕಮ್ ಅಪ್?" ಎಂದಳು, ಮುಳುಗಿದ ಆ ಪುಟ್ಟದ್ದು ಮೇಲೆ ಬಂತೋ ಇಲ್ಲವೋ ಎಂದು. ಚಿತ್ರಗಳಿಂದ ಗೊತ್ತಿದ್ದಷ್ಟನ್ನು ಹೇಳಲು ನಾನು ಬಾಯಿ ತೆರೆದೆ. ಅವ್ವ ನೋಡಿದ ರೀತಿಗೆ ಮುಚ್ಚಿದೆ.

ಹೆಂಡತಿಗೆ ದೂರು ಕೊಟ್ಟೆ. "ಅತ್ತೆ ಹೇಳೋದ್ರಲ್ಲಿ ತಪ್ಪೇನಿದೆ ರೀ?" ಎಂದಳು. "ಇಷ್ಟು ವರ್ಷ ನೀವು ಆ ಪುಸ್ತಕ ಓದಿದ್ದನ್ನ ನಾನಂತೂ ನೋಡಿಲ್ಲ. ಈಗ ಬೀಗ ಬಿದ್ದ ಮೇಲೆ ಓದಬೇಕು ಅನ್ನಿಸ್ತಿದೆಯಾ?"

ಅನ್ನಿಸುತ್ತಿತ್ತು, ಅದೇ ತಮಾಷೆ. ಕೈಗೆ ಸಿಗುತ್ತಿದ್ದಾಗ ಗಾಜು ಒರೆಸಿ ತೃಪ್ತನಾಗುತ್ತಿದ್ದವನು ಈಗ ಕಪಾಟಿನ ಮುಂದೆ ನಿಂತು ಬೆನ್ನುಗಳ ಮೇಲಿನ ಹೆಸರುಗಳನ್ನು ಆಸೆಯಿಂದ ಓದುತ್ತಿದ್ದೆ.

ಲಂಡನ್ನಿನ ಹಿಮವನ್ನು ನಂಬಿ ಕೂತವನ ಪಾಡು ಯಾರಿಗೂ ಬೇಡ. ಫೋನಿನಲ್ಲಿ ಹವಾಮಾನದ ಆ್ಯಪುಗಳನ್ನು ಸಾಲಾಗಿ ಇಳಿಸಿಕೊಂಡೆ. ಅವು ಹಿಮ ಬರುವ ಸಂಭವವಿದೆ ಎನ್ನುತ್ತಿದ್ದವು, ಮಳೆ ಬರುತ್ತಿತ್ತು. ಒಂದು ಬೆಳಿಗ್ಗೆ ಕಾರಿನ ಗಾಜೆಲ್ಲ ಬೆಳ್ಳಗಾಗಿತ್ತು. ಅವ್ವನನ್ನು ಬಾಗಿಲಿಗೆ ಕರೆತಂದು ತೋರಿಸಿದೆ. ಅವಳು ಉಗುರಿನಿಂದ ಕೆರೆದು ನೋಡಿ, "ಇದು ಗಟ್ಟಿ ಆದ ಇಬ್ಬನಿ," ಎಂದಳು. ಹಾಗಾದರೆ ಹಿಮ ಎಂದು ಯಾವುದನ್ನು ಒಪ್ಪುತ್ತೀಯ ಎಂದು ಕೇಳಿದೆ. "ಹೆಜ್ಜಿ ಮೂಡಬೇಕು," ಎಂದಳು. ಜನವರಿಯಲ್ಲಿ ಒಂದು ಮಧ್ಯಾಹ್ನ ಟೂಟಿಂಗ್‌ನಲ್ಲಿ ಹಿಮ ಬೀಳುತ್ತಿದೆ ಎಂದು ಮೊಮ್ಮಗಳು ಫೋನ್ ಮಾಡಿದಳು. ಕಿಟಕಿಗೆ ಓಡಿ ನೋಡಿದರೆ ಹ್ಯಾರೋದಲ್ಲಿ ಬಿಸಿಲು. ಅವಳು ಕೋಟು ಹಾಕಿಕೊಂಡು ಹೊರಗೆ ಹೋಗುವಷ್ಟರಲ್ಲಿ ಅಲ್ಲಿಯೂ ನೀರಾಗಿತ್ತಂತೆ. ಸ್ಕಾಟ್ಲೆಂಡಿನಲ್ಲಿ ಬಿದ್ದಿದೆ, ಅದೂ ಇದೇ ದೇಶ ಎಂದು ವಾದಿಸಿದೆ. ಫ್ರೀಜರಿನ ಗೋಡೆಯ ಹಿಮ ಕೆರೆದು ತಟ್ಟೆಯಲ್ಲಿ ಕೂಡ ಇಟ್ಟುನೋಡಿದೆ. ಅವ್ವ ಆ ತಟ್ಟೆಯನ್ನು ಸಿಂಕಿಗೆ ಬಗ್ಗಿಸಿ, ಫ್ರೀಜರಿನ ಬಾಗಿಲು ಸರಿಯಾಗಿ ಹಾಕು ಎಂದಳು.

ಪ್ರತಿ ಶನಿವಾರ ಮೊಮ್ಮಗಳು ಬೂಟು ಬಿಚ್ಚುವ ಮೊದಲೇ ಆ ನೀರಿಲಿಯ ಬಗ್ಗೆ ಕೇಳುತ್ತಿದ್ದಳು. ನಾನು ಅವ್ವನ ಕಡೆ ಕೈ ತೋರಿಸುತ್ತಿದ್ದೆ. ಅವ್ವ ಆಕಾಶದ ಕಡೆ.

ಹೊರಡುವ ಹಿಂದಿನ ದಿನ ಎಲ್ಲರೂ ನಮ್ಮಲ್ಲಿ ಊಟಕ್ಕೆ ಬಂದರು. ಹೊರಗೆ ಜಿಟಿಜಿಟಿ ಮಳೆ. ಅವ್ವ ಹೋಳಿಗೆ ಮಾಡಿದ್ದಳು. ಊಟವಾದ ಮೇಲೆ ಮೊಮ್ಮಗಳು ಕಪಾಟಿನ ಮುಂದೆ ಹೋಗಿ ನಿಂತಳು. ನನಗೆ ತಡೆಯಲಾಗಲಿಲ್ಲ. "ಅವ್ವ, ಕೀಲಿಕೈ ಕೊಡು. ಇವತ್ತೊಂದು ದಿವಸ," ಎಂದೆ.

"ಮಳಿ ಬರ್ಲಿಕತ್ತದ," ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. "ಈ ಹಟಕ್ಕ ಏನರ ಅರ್ಥ ಅದ ಏನು? ನಾಳೆ ಕೂಸು ಹೋಗ್ತದ. ಹಿಮ ಬೀಳೂತನಾ ವಿಮಾನ ಕಾಯ್ತದೇನು?" ಎಂದೆ. ದನಿ ಏರಿತ್ತು. ಅಳಿಯ ಫೋನ್ ನೋಡತೊಡಗಿದ. ಮಗಳು ನನ್ನ ತೋಳು ಹಿಡಿದಳು.

ಅವ್ವ ನನ್ನ ಕಡೆ ತಿರುಗಲೇ ಇಲ್ಲ. ಮೊಮ್ಮಗಳ ಗಲ್ಲ ಹಿಡಿದು, "ಹಿಮ ಬಿದ್ದ ದಿವಸ ನನಗ ಫೋನ್ ಮಾಡು. ನೀನ ಮಾಡಬೇಕು, ನಿಮ್ಮಮ್ಮ ಅಲ್ಲ," ಎಂದಳು. ಮಗು ಮುಖ ಗಂಟಿಕ್ಕಿಕೊಂಡೇ ತಲೆಯಾಡಿಸಿತು.

ಮಾರನೆಯ ದಿನ ಅವರನ್ನು ಏರ್‌ಪೋರ್ಟಿಗೆ ಬಿಟ್ಟು ಬಂದೆ. ಅವ್ವನ ಜೊತೆ ಮಾತು ಬಿಟ್ಟಿದ್ದೆ. ಎಪ್ಪತ್ತರ ಹತ್ತಿರ ಬಂದವನು ಹೀಗೆ ಮುನಿಸಿಕೊಳ್ಳುವುದು ಶೋಭೆಯಲ್ಲ, ಗೊತ್ತು. ಅಡುಗೆಮನೆಗೆ ನೀರು ಕುಡಿಯಲು ಹೋದಾಗ ಅವಳು ಮೇಜಿನ ಮುಂದೆ ಕೂತು ಬಟಾಣಿ ಸುಲಿಯುತ್ತಿದ್ದಳು. ಉಣ್ಣುವವರು ಮೂರು ಜನ, ಸುಲಿದದ್ದು ಮದುವೆ ಮನೆಗೆ ಆಗುವಷ್ಟಿತ್ತು.

"ನಿಮ್ಮ ಅಣ್ಣನ ಮೊಮ್ಮಕ್ಕಳಿಗೆ ನಾ ನನ್ನ ಕಡೆ ಇದ್ದ ಕಥಿ ಎಲ್ಲಾ ಹೇಳಿ ಮುಗಿಸಿದೆ," ಎಂದಳು, ತಲೆ ಎತ್ತದೆ. "ಒಂದೂ ಉಳಿಸಿಕೊಳ್ಳಲಿಲ್ಲ. ಈಗ ಅವರ ಮನಿ ಮಾಳಗಿ ನೋಡ್ಕೋತ ಕೂಡ್ತೇನಿ. ಈಕಿದು ಒಂದರ ಬಾಕಿ ಇರಲಿ ಅಂತ ಬಿಟ್ಟೆ. ಕೇಳಿ ಮುಗಿಸಿದಾಕಿ ನನಗ್ಯಾಕ ಫೋನ್ ಮಾಡ್ತಾಳ?"

ನೀರಿನ ಲೋಟ ಹಿಡಿದು ನಿಂತೆ. ಹಿಮದ ಶಾಸ್ತ್ರವೆಲ್ಲ ನೆಪವೇ ಎಂದು ಕೇಳಬಹುದಿತ್ತು. ಅವಳು ಆ ಶಾಸ್ತ್ರವನ್ನೂ ಈ ಬಾಕಿಯನ್ನೂ ಎರಡನ್ನೂ ನಂಬಿದ್ದಳು ಎಂದೇ ಈಗಲೂ ನನ್ನ ಲೆಕ್ಕ. ಆ ಹೊತ್ತಿಗೆ ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ನಾನೂ ಬಟಾಣಿ ಸುಲಿದೆ.

ಮಗಳು ತಲುಪಿದ ಮೇಲೆ ಫೋನ್ ಮಾಡಿದಳು. ಊರೆಲ್ಲ ಬಿಳಿ, ಮನೆಯ ಮುಂದೆ ಸೊಂಟದವರೆಗೆ ಹಿಮ ಎಂದಳು. ನಾನು ಅವ್ವನ ಮುಖ ನೋಡಿದೆ. ಮಗು ಎಲ್ಲಿ ಎಂದರೆ ಮಲಗಿದೆ. ಆಮೇಲಿನ ಕಾಲಿನಲ್ಲಿ ಸ್ಕೂಲಿನ ಬಟ್ಟೆ ಹುಡುಕುತ್ತಿತ್ತು. ಮತ್ತೊಂದು ಸಲ ಹಾಯ್ ದೊಡ್ಡಜ್ಜಿ ಎಂದು ಬಂದು, ಯಾರೋ ಕರೆದರೆಂದು ಫೋನ್ ಮೇಜಿನ ಮೇಲಿಟ್ಟು ಓಡಿತು. ಪರದೆಯ ಮೇಲೆ ಮಾಳಿಗೆ.

"ಇವರದು ಸಿಡ್ನಿದಕ್ಕಿಂತ ಚಲೋ ಅದ," ಎಂದಳು ಅವ್ವ. "ಬಿರುಕಿಲ್ಲ."

ನನ್ನ ಕಪಾಟು, ನನ್ನ ಕಥೆ, ನನ್ನ ಬೀಗ ಎಂಬುದೆಲ್ಲ ನನಗೆ ಮರೆತೇ ಹೋಗಿತ್ತು. ಫೋನ್ ಬರಲಿ ಎಂದಷ್ಟೇ ಬೇಡುತ್ತಿದ್ದೆ. ಮಗಳಿಗೆ ಹೇಳಿ ಮಾಡಿಸಬಹುದಿತ್ತು. ಆದರೆ ಅವ್ವ ಹಾಕಿದ ಷರತ್ತು ಹಾಗಿರಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಚಹಾದ ಹೊತ್ತಿಗೆ ಅವ್ವನ ಫೋನ್ ಹಾಡತೊಡಗಿತು. ಅಲ್ಲಿ ಆಗ ಬೆಳಗಿನ ಹೊತ್ತು. ಪರದೆಯ ತುಂಬ ಕೆಂಪು ಟೋಪಿ, ಕೆಂಪು ಮೂಗು. ಮೊಮ್ಮಗಳು ಹೊರಗೆ ನಿಂತಿದ್ದಳು.

"ದೊಡ್ಡಜ್ಜಿ, ಸ್ನೋ," ಎಂದು ಫೋನನ್ನು ನೆಲಕ್ಕೆ ತಿರುಗಿಸಿದಳು. ಒಂದು ಬೂಟು ಮೇಲೆದ್ದು ಕೆಳಗಿಳಿಯಿತು. ಹೆಜ್ಜೆ ಆಳವಾಗಿ ಮೂಡಿತು.

"ಅಲ್ಲಾ, ಹೋದ ದಿನದಿಂದನ ಹಿಮ ಅದಲಾ ಅಲ್ಲೆ?" ಎಂದೆ ನಾನು.

ಅವಳು ನನ್ನನ್ನು ದಡ್ಡನನ್ನು ನೋಡಿದ ಹಾಗೆ ನೋಡಿದಳು. ನಾವು ಬಂದಾಗ ಅದು ಆಗಲೇ ಬಿದ್ದಿತ್ತು, ದೊಡ್ಡಜ್ಜಿ ಹೇಳಿದ್ದು ಬೀಳುವ ದಿನ ಫೋನ್ ಮಾಡು ಎಂದು, ಬಂದ ಮೇಲೆ ಬಿದ್ದದ್ದು ಇವತ್ತೇ ಮೊದಲು ಎಂದು ಇಂಗ್ಲಿಷಿನಲ್ಲಿ ವಿವರಿಸಿದಳು. ದಿನಾ ಕಿಟಕಿಯಲ್ಲಿ ನೋಡುತ್ತಿದ್ದಳಂತೆ. ಶಾಸ್ತ್ರದಲ್ಲಿ ಗುರುವನ್ನೇ ಮೀರಿಸಿದ ಶಿಷ್ಯೆ. ಅವ್ವ ಎದ್ದು ಕಣ್ಣೊರೆಸಿಕೊಳ್ಳುತ್ತ ಅಡುಗೆಮನೆಗೆ ಹೋದಳು. ಬರುವಾಗ ಒಂದು ಕೈಯಲ್ಲಿ ಕೀಲಿಕೈ ಇತ್ತು, ಇನ್ನೊಂದು ಮುಷ್ಟಿಯಲ್ಲಿ ಅಕ್ಷತೆ.

ಕಪಾಟು ತೆಗೆದೆ. ಫೋನನ್ನು ಉಪ್ಪಿನಕಾಯಿ ಭರಣಿಗೆ ಆನಿಸಿ ನಿಲ್ಲಿಸಿದೆವು. ಮೊಮ್ಮಗಳು ಮನೆಯೊಳಗೆ ಹೋಗಿ ಕಿಟಕಿಯ ಬಳಿ ಕೂತಳು. ಹಸಿರು ಪುಸ್ತಕವನ್ನು ತೊಡೆಯ ಮೇಲೆ ಬಿಚ್ಚಿ, ತೆಳುಕಾಗದ ಸರಿಸಿ, ಗಂಟಲು ಸರಿಮಾಡಿಕೊಂಡೆ. ಒಂದಾನೊಂದು ಕಾಲದಲ್ಲಿ ಎಂದೆ.

"ಅಜ್ಜ, ವೇಟ್," ಎಂದಳು. "ಐ ನೋ ದಿಸ್ ಒನ್. ನಾನು ಹೇಳ್ತೀನಿ."

ಅವಳ ಸ್ಕೂಲಿಗೆ ಪ್ರತಿ ಶುಕ್ರವಾರ ಆ ಊರಿನವಳೇ ಆದ ಒಬ್ಬ ಒಜಿಬ್ವೆ ಮುದುಕಿ ಬರುತ್ತಾಳಂತೆ. ಟೀಚರಿಂದ ಹಿಡಿದು ಎಲ್ಲರೂ ಅವಳನ್ನು ಅಜ್ಜಿ ಎಂದೇ ಕರೆಯುವುದಂತೆ. ಹಿಮ ಇರುವಾಗ ಮಾತ್ರ ಈ ಕಥೆಗಳನ್ನು ಹೇಳುವುದು ಎಂದು ಅವಳು ಮೊದಲೇ ಹೇಳಿದಳಂತೆ. ಅವ್ವ ನನ್ನ ಕಡೆ ಒಂದು ಸಲ ನೋಡಿದಳು.

ಮೊಮ್ಮಗಳು ಶುರುಮಾಡಿದಳು. "ಎಲ್ಲಾ ಕಡೆ ನೀರು ಇತ್ತು. ಓನ್ಲಿ ನೀರು. ಲ್ಯಾಂಡ್ ಇಲ್ಲ."

"ಹೂಂ," ಎಂದಳು ಅವ್ವ.

"ಬಿಗ್ ಅನಿಮಲ್ಸ್ ಎಲ್ಲಾ ಟ್ರೈ ಮಾಡಿದ್ವು. ಕೆಳಗೆ ಹೋಗಿ ಮಣ್ಣು ತರಬೇಕು. ಯಾರಿಗೂ ಆಗಲಿಲ್ಲ. ಲಾಸ್ಟಿಗೆ ಆ ಇಲಿ, ನಾನು ಹೋಗ್ಲಾ ಅಂತು. ಎಲ್ಲಾರೂ ನಕ್ಕರು."

"ಹೂಂ. ನಮ್ಮ ಕಡೆ ವರಾಹಸ್ವಾಮಿ ಮಾಡಿದ ಕೆಲಸ. ಇಲ್ಲೆ ಇಲಿಗೆ ಹಚ್ಚಿದ್ರೇನು," ಎಂದಳು ಅವ್ವ. "ಮುಂದ?"

ನನ್ನ ಪುಸ್ತಕದಲ್ಲಿ ಯಾವ ಪ್ರಾಣಿಯೂ ನಗುವುದಿಲ್ಲ. ಅಲ್ಲಿ ಎಲ್ಲರೂ ಪ್ರಾರ್ಥನೆಗೆ ಕೂತವರಂತೆ ಕೂತಿರುತ್ತಾರೆ. ಆ ನಗು ಹೊಗೆಸೊಪ್ಪು ಕೊಟ್ಟವನಿಗೆ ಸಿಕ್ಕಿರಲಿಲ್ಲವೋ, ಸಿಕ್ಕರೂ ಬೇಡವೆಂದು ಬಿಟ್ಟನೋ. ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಮೊಮ್ಮಗಳು ಕೈ ಆಡಿಸುತ್ತ ಹೇಳುತ್ತಿದ್ದಳು. ಅಷ್ಟು ಕನ್ನಡ ಅವಳ ಬಾಯಿಂದ ನಾನು ಹ್ಯಾರೋದಲ್ಲಿ ಒಂದು ದಿನವೂ ಕೇಳಿರಲಿಲ್ಲ. ಪುಸ್ತಕ ತೊಡೆಯ ಮೇಲಿರುವಂತೆಯೇ ನಾನೂ ಹೂಂ ಎನ್ನತೊಡಗಿದೆ.

"ಇಲಿ ಕೆಳಗೆ ಹೋಯ್ತು. ತುಂಬಾ ಹೊತ್ತು ಆಯ್ತು. ಬರಲೇ ಇಲ್ಲ. ಎಲ್ಲಾರೂ ನೀರು ನೋಡ್ತಾ ಇದ್ರು." ಅವಳು ನಿಂತಳು. "ಆಮೇಲೆ ಬೆಲ್ ಆಯ್ತು."

"ಅಂದ್ರ?" ಎಂದಳು ಅವ್ವ. "ಆ ಇಲಿ ಮ್ಯಾಲೆ ಬಂತೇನು?"

"ಗೊತ್ತಿಲ್ಲ. ಅಜ್ಜಿ ನೆಕ್ಸ್ಟ್ ಫ್ರೈಡೇ ಹೇಳ್ತಾಳೆ."

ಅವ್ವ ನನ್ನ ಕಡೆ ತಿರುಗಿದಳು. ಭರಣಿಗೆ ಆನಿಕೊಂಡಿದ್ದ ಮೊಮ್ಮಗಳೂ ನನ್ನನ್ನೇ ನೋಡಿದಳು. "ನಿನ್ನ ಪುಸ್ತಕದಾಗ ಏನದ? ನೋಡಿ ಹೇಳು," ಎಂದಳು ಅವ್ವ.

ಪುಟ ನನ್ನ ಹೆಬ್ಬೆರಳಿನ ಕೆಳಗೇ ಇತ್ತು. ಬಣ್ಣದ ಚಿತ್ರ, ನೀರಿನ ಮೇಲೆ ತೇಲುತ್ತಿರುವ ಪುಟ್ಟ ದೇಹ, ಬಿಗಿಯಾಗಿ ಮುಚ್ಚಿದ ಮುಂಗಾಲು. ಕೆಳಗೆ ಉಳಿದ ಕಥೆಯೆಲ್ಲ ಕಪ್ಪು ಅಕ್ಷರದಲ್ಲಿ ಸ್ಪಷ್ಟವಾಗಿತ್ತು.

"ಆ ಹಾಳಿ ಇಲ್ಲವ್ವ ಇದರಾಗ," ಎಂದೆ. "ಕಿತ್ತು ಹೋಗ್ಯದ." ಪುಸ್ತಕ ಮುಚ್ಚಿದೆ.

"ಇಷ್ಟು ದಿವಸ ಪೂರ್ತಿ ಅದ, ಪೂರ್ತಿ ಅದ ಅಂತಿದ್ದಿ," ಎಂದಳು ಅವ್ವ. ಫೋನಿನ ಕಡೆ ಬಗ್ಗಿದಳು. "ಬರೂ ಶನಿವಾರ ನೀನ ಹೇಳಬೇಕವಾ ಹಂಗಾರ."

"ಹೂಂ," ಎಂದಳು ಮೊಮ್ಮಗಳು.

ಕಥೆ ಮುಗಿಯದೆ ಅಕ್ಷತೆ ಬಿಡುವಂತಿಲ್ಲ. ಅವ್ವ ಮುಷ್ಟಿ ಸಡಿಲಿಸದೆ ಇನ್ನೊಂದು ಕೈಯಿಂದ ಸೆರಗಿನ ಚುಂಗು ತೆಗೆದು, ಆ ಕಾಳುಗಳನ್ನು ಅದರಲ್ಲಿ ಗಂಟು ಹಾಕಿಕೊಂಡಳು.